“ಅಪ್ಪ ಯಾವಾಗ ಬರ್ತಾರೆ?” ಅಂತ ಕೇಳುವ ಐದು ವರ್ಷದವನಿಗೆ ಏನು ಹೇಳೋದು?

ಎರಡನೇಮಹಡಿ (ಪ್ರಶ್ನೆ):

ಹತ್ತಿರದ ಸಂಬಂಧಿಕರ ಮನೆಯ ವಿಷಯ. ಮೂರು ವಾರದ ಹಿಂದೆ ಮಕ್ಕಳ ತಂದೆ ಹೃದಯಾಘಾತದಿಂದ ತೀರಿಕೊಂಡರು. ಹುಡುಗನಿಗೆ 5 ವರ್ಷ, ಅವನ ಅಕ್ಕನಿಗೆ 11. ಆವತ್ತಿನ ಗಡಿಬಿಡಿಯಲ್ಲಿ ಯಾರೋ ಹುಡುಗನಿಗೆ “ಅಪ್ಪ ಮಲಗಿದ್ದಾರೆ, ಆಮೇಲೆ ದೂರ ಹೋಗ್ತಾರೆ” ಅಂದುಬಿಟ್ಟಿದ್ದಾರೆ. ಈಗ ದಿನಕ್ಕೆ ಹತ್ತು ಸಲ “ಯಾವಾಗ ಬರ್ತಾರೆ?” ಅಂತಾನೆ. ರಾತ್ರಿ ಮಲಗೋಕೆ ಹಟ, ನಿಂತೇ ಹೋಗಿದ್ದ ಹಾಸಿಗೆ ಒದ್ದೆ ಮಾಡೋದು ಮತ್ತೆ ಶುರು. ಅಕ್ಕ ಒಂದು ಹನಿ ಕಣ್ಣೀರು ಹಾಕಿಲ್ಲ, ಆಟ ಆಡಿಕೊಂಡು ಇದ್ದಾಳೆ. ಎರಡು ತಿಂಗಳಲ್ಲಿ ಮನೆ ಖಾಲಿ ಮಾಡಬೇಕು, ಶಾಲೆಯೂ ಬದಲಾಗಬಹುದು. ಆಡಿದ ಸುಳ್ಳನ್ನು ಈಗ ತಿದ್ದೋದು ಹೇಗೆ? ಯಾವ ಮಾತಲ್ಲಿ ಹೇಳಬೇಕು?

ಕಿಟಕಿಪಕ್ಕ (ಮಕ್ಕಳ ಆಪ್ತಸಲಹೆ):

ನಿದ್ದೆಯ ಹಟಕ್ಕೂ ಆ ಸುಳ್ಳಿಗೂ ನಂಟಿರುವ ಸಾಧ್ಯತೆ ಹೆಚ್ಚು. ಮಲಗಿದ ಅಪ್ಪ ಏಳಲಿಲ್ಲ, ಹಾಗಾದರೆ ಮಲಗುವುದೇ ಅಪಾಯ. ಐದು ವರ್ಷದ ತಲೆಗೆ ಇದು ನೇರವಾದ ಲೆಕ್ಕ. ಹಾಗಾಗಿ ಮೊದಲು ತಿದ್ದಬೇಕಾದದ್ದು ಆ ಮಾತನ್ನೇ, ಇವತ್ತು ಆಗದಿದ್ದರೆ ನಾಳೆ.

ಹಗಲು ಹೊತ್ತು ಆರಿಸಿಕೊಳ್ಳಿ, ಮಲಗುವ ಮುಂಚೆ ಬೇಡ. ಅಮ್ಮನೇ ಹೇಳಿದರೆ ಒಳ್ಳೆಯದು. ಅವನ ಎತ್ತರಕ್ಕೆ ಕೂತು, ಟಿವಿ ಆರಿಸಿ: “ಅಪ್ಪ ಮಲಗಿದ್ದಾರೆ ಅಂತ ನಿನಗೆ ಹೇಳಿದ್ರು. ಅದು ತಪ್ಪು. ಅಪ್ಪ ಸತ್ತುಹೋದರು. ಅಪ್ಪನ ಹೃದಯ ಕೆಲಸ ಮಾಡೋದು ನಿಂತುಹೋಯ್ತು. ಡಾಕ್ಟರಿಗೂ ಸರಿ ಮಾಡೋಕೆ ಆಗಲಿಲ್ಲ. ಸತ್ತ ಮೇಲೆ ದೇಹ ಉಸಿರಾಡಲ್ಲ, ಹಸಿವಾಗಲ್ಲ, ಚಳಿ ಆಗಲ್ಲ, ನೋವೂ ಆಗಲ್ಲ. ಸತ್ತವರು ವಾಪಸ್ ಬರಲ್ಲ. ನಿದ್ದೆ ಬೇರೆ, ಸಾವು ಬೇರೆ. ನಿದ್ದೆ ಮಾಡಿದವರು ಏಳ್ತಾರೆ.” ಇಷ್ಟೇ. ಆಮೇಲೆ ಬಾಯಿ ಮುಚ್ಚಿ ಕೂರಬೇಕು, ಕಷ್ಟವಾದ ಭಾಗ ಅದೇ. ಅವನು ಅಳಬಹುದು, ಇಲ್ಲವೇ “ಸರಿ, ನನ್ನ ಕಾರ್ ಎಲ್ಲಿ?” ಅನ್ನಬಹುದು. ಎರಡೂ ಸಹಜ.

“ತೀರಿಕೊಂಡರು”, “ಹೋಗಿಬಿಟ್ಟರು”, “ನಮ್ಮನ್ನು ಅಗಲಿದರು” ದೊಡ್ಡವರ ಮರ್ಯಾದೆಯ ಮಾತುಗಳು. ಹೋದವರು ಬರುತ್ತಾರೆ ಅನ್ನುವುದು ಮಗುವಿನ ಅನುಭವ. “ಸತ್ತರು” ಅನ್ನುವುದು ಕಿವಿಗೆ ಒರಟು, ಆದರೆ ಅದಕ್ಕೆ ಎರಡನೇ ಅರ್ಥವಿಲ್ಲ. ಮನೆಯ ನಂಬಿಕೆಯನ್ನು ಹೇಳಬಾರದು ಅಂತಲ್ಲ, ದೇಹದ ಸತ್ಯ ಮೊದಲು ಬರಲಿ. “ದೇವರಿಗೆ ಒಳ್ಳೆಯವರು ಬೇಕು, ಕರೆದುಕೊಂಡ” ಅಂತ ಶುರು ಮಾಡಿದರೆ ಮಗು ಒಳ್ಳೆಯವನಾಗಿರೋಕೇ ಹೆದರುತ್ತದೆ.

ಒಂದು ಸಲ ಹೇಳಿದರೆ ಮುಗಿಯಲ್ಲ. ಸತ್ತವರು ಮರಳುವುದಿಲ್ಲ, ದೇಹದ ಕೆಲಸಗಳೆಲ್ಲ ನಿಲ್ಲುತ್ತವೆ, ಎಲ್ಲರೂ ಒಂದು ದಿನ ಸಾಯುತ್ತಾರೆ, ಸಾವಿಗೆ ಕಾರಣ ಇರುತ್ತದೆ: ಈ ನಾಲ್ಕು ತಿಳಿವಳಿಕೆ ಸಾಮಾನ್ಯವಾಗಿ 5ರಿಂದ 7 ವರ್ಷದೊಳಗೆ ಒಂದೊಂದಾಗಿ ಕೂಡಿಕೊಳ್ಳುತ್ತವೆ. ಹಾಗಾಗಿ ನಾಳೆ ಮತ್ತೆ “ಯಾವಾಗ ಬರ್ತಾರೆ?” ಬರುತ್ತದೆ. ಅದೇ ಉತ್ತರ, ಅದೇ ಪದ, ಬೇಸರವಿಲ್ಲದ ದನಿ. ಮನೆಯ ಎಲ್ಲರೂ ಆ ವಾಕ್ಯಗಳನ್ನು ಫೋನಲ್ಲಿ ಬರೆದಿಟ್ಟುಕೊಳ್ಳಲಿ. ಅಜ್ಜಿ ಒಂದು ಹೇಳಿ ಅತ್ತೆ ಇನ್ನೊಂದು ಹೇಳಿದರೆ ಮಗು ತನಗೆ ಬೇಕಾದ ಉತ್ತರ ಸಿಗುವವರೆಗೂ ಕೇಳುತ್ತಾ ಹೋಗುತ್ತದೆ.

ಬಾಯಿಬಿಟ್ಟು ಕೇಳದ ಮೂರು ಪ್ರಶ್ನೆಗಳು ಒಳಗಿರುತ್ತವೆ: ನನ್ನಿಂದ ಆಯ್ತಾ? ನನಗೂ ಅಮ್ಮನಿಗೂ ಹೀಗೇ ಆಗುತ್ತಾ? ನನ್ನನ್ನು ಯಾರು ನೋಡ್ಕೋತಾರೆ? ಅವನು ಕೇಳದಿದ್ದರೂ ಹೇಳಿ: “ನೀನು ಹಟ ಮಾಡಿದ್ದಕ್ಕೆ, ಸಿಟ್ಟಲ್ಲಿ ಏನೋ ಅಂದಿದ್ದಕ್ಕೆ ಅಪ್ಪ ಸಾಯಲಿಲ್ಲ.” “ಅಮ್ಮ ಸಾಯೋದೇ ಇಲ್ಲ” ಅಂತ ಮಾತು ಕೊಡಬೇಡಿ. “ತುಂಬಾ ಜನ ವಯಸ್ಸಾಗೋವರೆಗೂ ಬದುಕ್ತಾರೆ. ನಾನೂ ಹಾಗೇ ಇರ್ತೀನಿ ಅಂದ್ಕೊಂಡಿದ್ದೀನಿ. ಏನಾದ್ರೂ ಆದ್ರೆ ಇಂಥವರು ನಿನ್ನ ನೋಡ್ಕೋತಾರೆ” ಅನ್ನಿ. ಆ ‘ಇಂಥವರು’ ಹೆಸರಿರುವ ಮನುಷ್ಯರಾಗಿರಬೇಕು, ಅವರಿಗೂ ಮೊದಲೇ ಗೊತ್ತಿರಬೇಕು.

ಬೆಳಗಿನಪಾಳಿ (ಮಕ್ಕಳ ವಾರ್ಡ್ ನರ್ಸ್):

ಹಾಸಿಗೆಯ ವಿಷಯಕ್ಕೆ ಬರ್ತೀನಿ. ದೊಡ್ಡ ಆಘಾತವಾದಾಗ ಮಗು ಹಿಂದಿನ ವಯಸ್ಸಿಗೆ ಜಾರುತ್ತದೆ: ಬೆರಳು ಚೀಪೋದು, ತೊದಲು ಮಾತು, ಹಾಸಿಗೆ ಒದ್ದೆ, ಎತ್ತಿಕೋ ಅನ್ನೋದು. ಬೈಗುಳ ಬೇಡ. “ಒದ್ದೆ ಮಾಡದಿದ್ದರೆ ಸ್ಟಾರ್ ಕೊಡ್ತೀನಿ” ಅನ್ನೋದೂ ಬೇಡ, ಅವನ ಕೈಯಲ್ಲಿ ಇಲ್ಲದ್ದಕ್ಕೆ ಬಹುಮಾನ ಇಟ್ಟರೆ ಪ್ರತಿ ಬೆಳಿಗ್ಗೆ ಸೋಲು.

ಹಾಸಿಗೆ ಹೀಗೆ ಹಾಸಿ: ಕೆಳಗೆ ರಬ್ಬರ್ ಶೀಟ್, ಮೇಲೆ ಬೆಡ್‌ಶೀಟ್, ಅದರ ಮೇಲೆ ಇನ್ನೊಂದು ರಬ್ಬರ್ ಶೀಟ್, ಇನ್ನೊಂದು ಬೆಡ್‌ಶೀಟ್. ರಾತ್ರಿ ಎರಡಕ್ಕೆ ಒದ್ದೆಯಾದರೆ ಮೇಲಿನ ಎರಡು ಪದರ ಎಳೆದರೆ ಸಾಕು, ದೀಪ ಹಾಕೋದೇ ಬೇಡ. ಚಡ್ಡಿ, ಬನಿಯನ್ ದಿಂಬಿನ ಪಕ್ಕವೇ ಇರಲಿ. ಕೆಲವು ವಾರ ಅಮ್ಮನ ಪಕ್ಕ ಮಲಗಿಸಿದರೆ “ಅಭ್ಯಾಸ ಆಗಿಬಿಡುತ್ತೆ” ಅಂತ ಹೆದರಬೇಡಿ, ಬಿಡಿಸೋಕೆ ಮುಂದೆ ಸಮಯವಿದೆ.

ಒಂದು ಎಚ್ಚರಿಕೆ. ಎಲ್ಲವನ್ನೂ ದುಃಖದ ಲೆಕ್ಕಕ್ಕೆ ಬರೆಯಬೇಡಿ. ಒದ್ದೆ ಮಾಡುವುದರ ಜೊತೆ ವಿಪರೀತ ಬಾಯಾರಿಕೆ, ಹಗಲೂ ಪದೇಪದೇ ಮೂತ್ರ, ತೂಕ ಇಳಿಯೋದು ಕಂಡರೆ ಅದೇ ದಿನ ವೈದ್ಯರಿಗೆ ತೋರಿಸಿ, ಮಕ್ಕಳ ಸಕ್ಕರೆ ಕಾಯಿಲೆ ಹೀಗೇ ಶುರುವಾಗುತ್ತದೆ. ಮೂತ್ರ ಮಾಡುವಾಗ ಉರಿ, ಜ್ವರ ಇದ್ದರೆ ಸೋಂಕಿರಬಹುದು, ಅದಕ್ಕೂ ಕಾಯಬೇಡಿ.

ಹಳೇಮೇಷ್ಟ್ರು:

ಅಕ್ಕನ ಬಗ್ಗೆ ಯಾರೂ ಮಾತಾಡಲಿಲ್ಲ. ಅಳದ ಮಗುವನ್ನು “ಗಟ್ಟಿ ಹುಡುಗಿ” ಅಂತ ಹೊಗಳೋದು ದೊಡ್ಡ ತಪ್ಪು, ಆ ಪಟ್ಟ ಸಿಕ್ಕ ಮೇಲೆ ಅವಳು ಅಳೋ ಹಾಗೇ ಇಲ್ಲ. “ಇನ್ಮೇಲೆ ಅಮ್ಮನನ್ನ ನೀನೇ ನೋಡ್ಕೋಬೇಕು” ಅನ್ನೋ ಬಂಧುಗಳ ಬಾಯಿಗೂ ಬೀಗ ಬೇಕು. ಮಕ್ಕಳ ದುಃಖ ದೊಡ್ಡವರದ್ದರಂತೆ ಹೊಳೆಯಾಗಿ ಹರಿಯಲ್ಲ, ಮಳೆನೀರಿನ ಗುಂಡಿಯಂತೆ. ಒಂದು ಗುಂಡಿಗೆ ಹಾರಿ ಒದ್ದೆಯಾಗಿ, ಹೊರಗೆ ಬಂದು ಆಟಕ್ಕೆ ಓಡುತ್ತಾರೆ, ಸಂಜೆ ಇನ್ನೊಂದು ಗುಂಡಿ. ಹನ್ನೊಂದರ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು “ಹೇಗನ್ನಿಸ್ತಿದೆ?” ಅಂದರೆ “ಏನಿಲ್ಲ” ಅಂತಾರೆ. ಪಾತ್ರೆ ಒರೆಸುವಾಗ, ನಡೆಯುವಾಗ, ಪಕ್ಕಪಕ್ಕ ಇದ್ದು ಕಣ್ಣು ಬೇರೆ ಕಡೆ ಇದ್ದಾಗ ಮಾತು ಬರುತ್ತದೆ. ಈ ವಯಸ್ಸಿಗೆ ವಿವರವೂ ಬೇಕು: ಹೃದಯಾಘಾತ ಅಂದ್ರೇನು, ಆಸ್ಪತ್ರೆಯಲ್ಲಿ ಏನು ಮಾಡಿದ್ರು. ಮನೆ ಖರ್ಚು ಹೇಗೆ ನಡೆಯುತ್ತೆ ಅನ್ನೋ ಚಿಂತೆಯೂ ಅವಳಿಗಿರುತ್ತೆ, ಅದನ್ನೂ ಒಂದೆರಡು ವಾಕ್ಯದಲ್ಲಿ ಹೇಳಿ.

ಶಾಲೆಗೆ ಮರಳುವ ಮುಂಚೆ ಕ್ಲಾಸ್ ಟೀಚರ್ ಜೊತೆ ಹತ್ತು ನಿಮಿಷ ಮಾತಾಡಿ. ತರಗತಿಗೆ ಏನು ಹೇಳಬೇಕು ಅಂತ ಹುಡುಗಿಯನ್ನೇ ಕೇಳಿ ಎರಡು ವಾಕ್ಯ ಒಪ್ಪಿಸಿಕೊಳ್ಳಿ. ಪಾಠದ ಮಧ್ಯೆ ಅಳು ಬಂದರೆ ಕೈ ಎತ್ತಿ ಕಾರಣ ಹೇಳದೆ ಹೊರಗೆ ಹೋಗೋಕೆ ಒಂದು ಕಾರ್ಡ್, ಹೋಗಿ ಕೂರೋಕೆ ನಿಗದಿಯಾದ ಜಾಗ, ಅಲ್ಲಿ ಗೊತ್ತಿರುವ ಒಬ್ಬ ದೊಡ್ಡವರು. ಕಾರ್ಡ್ ಕೊಟ್ಟು ಜಾಗ ಗೊತ್ತು ಮಾಡದಿದ್ದರೆ ಶೌಚಾಲಯದಲ್ಲಿ ಒಬ್ಬಳೇ ಅಳುತ್ತಾಳೆ. ಅಪ್ಪನ ಹುಟ್ಟುಹಬ್ಬ, ಸತ್ತ ದಿನ, ಅಪ್ಪಂದಿರ ದಿನ: ಈ ತಾರೀಖುಗಳನ್ನು ಬರೆದು ಕೊಡಿ. ಇಲ್ಲದಿದ್ದರೆ “ಅಪ್ಪನಿಗೆ ಗ್ರೀಟಿಂಗ್ ಕಾರ್ಡ್ ಮಾಡಿ” ಅಂತ ಯಾರೋ ಮುಗ್ಧವಾಗಿ ಹೇಳಿಬಿಡ್ತಾರೆ. ಶಾಲೆ ಬದಲಾದರೆ ಅದೇ ಹಾಳೆ ಹೊಸ ಶಾಲೆಗೂ ಹೋಗಬೇಕು.

ಗೂಡುದೀಪ:

ಮನೆ ಬದಲಾವಣೆ. ಮುಂದೂಡಲು ಆದರೆ ಮುಂದೂಡಿ, ಶಾಲೆಯನ್ನಾದರೂ ಈ ವರ್ಷ ಉಳಿಸಿಕೊಳ್ಳಿ. ಆಗದಿದ್ದರೆ ಒಂದು ಮಾತು: ಹುಡುಗನಿಗೆ ಸತ್ಯ ಹೇಳದೆ ಮನೆ ಖಾಲಿ ಮಾಡಬೇಡಿ. “ಅಪ್ಪ ಹಳೇ ಮನೆಗೆ ಬಂದ್ರೆ? ನಾವಿಲ್ಲದಿದ್ರೆ?” ಅನ್ನೋದು ಅವನ ಭಯವಾಗುತ್ತದೆ, ಹೊರಡುವ ದಿನ ಬಾಗಿಲು ಹಿಡಿದು ಬಿಡಲ್ಲ.

ಮಕ್ಕಳ ಕೋಣೆ ಕೊನೆಯಲ್ಲಿ ಕಟ್ಟಿ, ಹೊಸ ಮನೆಯಲ್ಲಿ ಮೊದಲು ಬಿಚ್ಚಿ. ಮೊದಲ ರಾತ್ರಿ ಹಳೇ ಹೊದಿಕೆ, ಹಳೇ ದಿಂಬು, ತೊಳೆಯದೆಯೇ ಇರಲಿ. ಗೋಡೆಗೆ ಒಂದು ಕ್ಯಾಲೆಂಡರ್ ಹಾಕಿ, ಹೊರಡುವ ದಿನಕ್ಕೆ ಬಣ್ಣ ಬಳಿದು ದಿನಕ್ಕೊಂದು ಚೌಕ ಅವನೇ ಗೀಚಲಿ. ಹೋಗುವ ಮುಂಚೆ ಪ್ರತಿ ಕೋಣೆಯ ಫೋಟೋ ತೆಗೆಯಲಿ.

ತಂದೆಯ ವಸ್ತುಗಳನ್ನು “ಮಕ್ಕಳಿಗೆ ನೋವಾಗುತ್ತೆ” ಅಂತ ರಾತ್ರೋರಾತ್ರಿ ಸಾಗಿಸಬೇಡಿ. ಇಬ್ಬರಿಗೂ ಬೇರೆಬೇರೆ ಪೆಟ್ಟಿಗೆ, ಏನಿಡಬೇಕು ಅನ್ನೋದು ಅವರ ಆಯ್ಕೆ. ತೊಳೆಯದ ಎರಡು ಅಂಗಿ ಬೇಕು: ಒಂದು ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿಡೋಕೆ, ಇನ್ನೊಂದು ತಬ್ಬಿಕೊಂಡು ಮಲಗೋಕೆ. ಒಂದೇ ಇದ್ದರೆ ವಾಸನೆ ಬೇಗ ಹೋಗುತ್ತದೆ, ಆಮೇಲೆ ಆ ನಷ್ಟಕ್ಕೂ ಅಳಬೇಕು. ಫೋಟೋಗಳ ಮೂಲ ಪ್ರತಿ ದೊಡ್ಡವರ ಹತ್ತಿರ, ಪೆಟ್ಟಿಗೆಗೆ ನಕಲು. ತಂದೆಯ ಫೋನಿನ ವಾಯ್ಸ್ ಮೆಸೇಜ್, ವಿಡಿಯೋಗಳನ್ನು ಈ ವಾರವೇ ಎರಡು ಬೇರೆ ಕಡೆ ಉಳಿಸಿ. ರೀಚಾರ್ಜ್ ನಿಂತು ನಂಬರ್ ರದ್ದಾದರೆ ಅದಕ್ಕೆ ಕಟ್ಟಿದ ಖಾತೆಗಳೂ ಕೈತಪ್ಪುತ್ತವೆ.

ಎರಡನೇಮಹಡಿ:

ಎಲ್ಲರಿಗೂ ಧನ್ಯವಾದ. ಇನ್ನೆರಡು ಪ್ರಶ್ನೆ. ಹೇಳಬೇಕಾದ ಅಮ್ಮನಿಗೇ “ಸತ್ತರು” ಅನ್ನೋಕೆ ಬಾಯಿ ಬರ್ತಿಲ್ಲ. ಮತ್ತೆ, ತಜ್ಞರ ಹತ್ತಿರ ಯಾವಾಗ ಹೋಗಬೇಕು?

ಕಿಟಕಿಪಕ್ಕ:

ಎರಡನೆಯದು ಮೊದಲು. “ಸಾಯಬೇಕು” ಅನ್ನೋ ಮಾತು, ತನಗೇ ಗಾಯ ಮಾಡಿಕೊಳ್ಳೋದು, ಊಟ-ನೀರು ಪೂರ್ತಿ ಬಿಡೋದು: ಅದೇ ದಿನ ಹೋಗಿ. ಐದು ವರ್ಷದವನು “ಅಪ್ಪನ ಹತ್ರ ಹೋಗ್ಬೇಕು” ಅಂದರೆ ಬಹುತೇಕ ಅದು ಹಂಬಲ, ಆದರೂ “ಹೋಗಿ ಏನ್ ಮಾಡ್ತೀಯ? ಹೇಗೆ ಹೋಗ್ತೀಯ?” ಅಂತ ಕೇಳಿ. ಹನ್ನೊಂದರವಳು ಹಾಗೆ ಅಂದರೆ “ಸಾಯಬೇಕು ಅನ್ನಿಸ್ತಿದೆಯಾ?” ಅಂತ ನೇರವಾಗಿ ಕೇಳಿ, ಕೇಳಿದ್ದರಿಂದ ಆ ಯೋಚನೆ ಹುಟ್ಟಲ್ಲ. ಇಂಥದ್ದೇನೂ ಇಲ್ಲದಿದ್ದರೂ ಶಾಲೆ, ನಿದ್ದೆ, ಸ್ನೇಹ ಮೂರೂ ಕೆಟ್ಟು ತಿಂಗಳುಗಟ್ಟಲೆ ಸುಧಾರಿಸದಿದ್ದರೆ ಹೋಗಿ. ಅಮೆರಿಕದ ಮನೋವೈದ್ಯರ ಕೈಪಿಡಿ 2022ರಲ್ಲಿ ‘ದೀರ್ಘಕಾಲದ ದುಃಖ’ವನ್ನು ಕಾಯಿಲೆಯ ಪಟ್ಟಿಗೆ ಸೇರಿಸಿದಾಗ ದೊಡ್ಡವರಿಗೆ ಕನಿಷ್ಠ 12 ತಿಂಗಳು, ಮಕ್ಕಳಿಗೆ 6 ತಿಂಗಳ ಗಡಿ ಇಟ್ಟಿತು. ಅದು ಕಾಯಿಲೆಗೆ ಹೆಸರಿಡುವ ಗಡಿ, ಸಹಾಯ ಕೇಳೋಕೆ ಅಷ್ಟು ಕಾಯಬೇಕಾಗಿಲ್ಲ. ಹಾಗೆಯೇ “ದುಃಖದ ಐದು ಹಂತ” (ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳೋದು) ನೋಡಿಕೊಂಡು ಮಕ್ಕಳನ್ನು ಅಳೆಯಬೇಡಿ, 1969ರಲ್ಲಿ ಅದು ಹುಟ್ಟಿದ್ದು ಸಾವಿನ ಹತ್ತಿರವಿದ್ದ ರೋಗಿಗಳನ್ನು ಕಂಡು. ಮೊದಲ ವರ್ಷ ಚೆನ್ನಾಗಿದ್ದ ಮಗುವಿಗೆ ಎರಡನೇ ವರ್ಷ ತೊಂದರೆ ಕಾಣಿಸಿಕೊಳ್ಳುವುದೂ ಉಂಟು, ಹೆತ್ತವರನ್ನು ಕಳೆದುಕೊಂಡ ಶಾಲಾ ಮಕ್ಕಳನ್ನು ಎರಡು ವರ್ಷ ಗಮನಿಸಿದ ಅಮೆರಿಕದ ಸಂಶೋಧಕರಾದ ವಿಲಿಯಂ ವರ್ಡನ್ ಮತ್ತು ಫಿಲ್ಲಿಸ್ ಸಿಲ್ವರ್‌ಮನ್ ಇದನ್ನು ದಾಖಲಿಸಿದ್ದಾರೆ.

ಅಮ್ಮನ ವಿಷಯ: ಮೇಲಿನ ವಾಕ್ಯಗಳನ್ನು ಕೈಬರಹದಲ್ಲಿ ಬರೆದುಕೊಂಡು, ಮೊದಲು ಒಬ್ಬರೇ ಇದ್ದಾಗ ಮೂರ್ನಾಲ್ಕು ಸಲ ಗಟ್ಟಿಯಾಗಿ ಓದಲಿ. ಹುಡುಗನ ಮುಂದೆ ಚೀಟಿ ನೋಡಿಕೊಂಡೇ ಹೇಳಬಹುದು. ಅಕ್ಕನೂ ಪಕ್ಕದಲ್ಲಿರಲಿ, ನೀವೂ ಇರಿ. ಮಧ್ಯದಲ್ಲಿ ಗಂಟಲು ಕಟ್ಟಿದರೆ ಉಳಿದದ್ದನ್ನು ನೀವು ಓದಿ. ಅಮ್ಮ ಅತ್ತರೆ ಅಳಲಿ, “ಅಪ್ಪ ನೆನಪಾಗಿ ಅಳ್ತಿದ್ದೀನಿ, ನಿನ್ನಿಂದಲ್ಲ. ಸ್ವಲ್ಪ ಹೊತ್ತಲ್ಲಿ ಮುಖ ತೊಳ್ಕೊಂಡು ಊಟಕ್ಕೆ ಹಾಕ್ತೀನಿ” ಅಂತ ಹೇಳಿ, ಹೇಳಿದ ಹಾಗೆ ಊಟಕ್ಕೆ ಹಾಕಲಿ.