‘ಜೈವಿಕ ಲಭ್ಯತೆ’ಗೆ ಬದಲಿ ಪದ ಯಾವುದು?

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ನೆಲೆಸಿರುವ ಕನ್ನಡಿಗ ಹಿರಿಯರಿಗಾಗಿ, ನುಂಗಿದ ಗುಳಿಗೆ ಮೈಯೊಳಗೆ ಎಲ್ಲೆಲ್ಲಿ ಹಾದುಹೋಗುತ್ತದೆ ಎಂಬುದನ್ನು ತಿಳಿಸುವ ಚಿಕ್ಕ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಹೀರಿಕೆ, ಹಂಚಿಕೆ, ವಿಸರ್ಜನೆ ಎಂಬ ಪದಗಳು ತೊಡಕಿಲ್ಲದೆ ಒದಗಿದವು. ತೊಡಕಾದದ್ದು ‘ಬಯೋಅವೈಲಬಿಲಿಟಿ’.

ಮೊದಲು ‘ಜೈವಿಕ ಲಭ್ಯತೆ’ ಎಂದೇ ಬರೆದಿದ್ದೆ. ಕರಡನ್ನು ಓದಿ ಹೇಳುತ್ತಿದ್ದಾಗ ವಿಜಯಪುರದ ಕಡೆಯ ಅಜ್ಜಿಯೊಬ್ಬರು ಕೈಯಲ್ಲಿದ್ದ ಗುಳಿಗೆಯ ಪಟ್ಟಿಯನ್ನು ತಿರುವಿ ನೋಡುತ್ತ, “ಜೈವಿಕ ಅಂದ್ರ ಜೈವಿಕ ಗೊಬ್ಬರ ಇದ್ದಂಗೇನ್ರಿ?” ಎಂದು ಕೇಳಿದರು. ಹೊಲದಲ್ಲಿ ದುಡಿದವರಿಗೆ ಆ ಪದ ಹಾಗೆ ಕೇಳಿಸುವುದು ಸಹಜ. ತಪ್ಪು ನನ್ನ ಪದದ್ದೇ.

ಇಲ್ಲಿ ಹೇಳಬೇಕಾದದ್ದು, ಕೊಟ್ಟ ಔಷಧದಲ್ಲಿ ಎಷ್ಟು ಪಾಲು ಮಾರ್ಪಡದೆ ಇಡೀ ದೇಹದ ರಕ್ತಸಂಚಾರವನ್ನು ಸೇರುತ್ತದೆ ಎಂಬುದನ್ನು. ರಕ್ತನಾಳಕ್ಕೇ ಚುಚ್ಚಿದರೆ ಅದು ನೂರಕ್ಕೆ ನೂರು. ನುಂಗಿದ ಔಷಧವಾದರೋ ಕರುಳಿನಿಂದ ಮೊದಲು ಯಕೃತ್ತಿಗೆ ಹೋಗುವುದರಿಂದ, ಎಷ್ಟೋ ಔಷಧಗಳಲ್ಲಿ ಒಂದು ಪಾಲು ಅಲ್ಲಿಯೇ ಕಳೆದುಹೋಗುತ್ತದೆ. ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರಾನೊಲಾಲನ್ನು ಕರುಳು ಬಹುತೇಕ ಪೂರ್ತಿಯಾಗಿ ಹೀರಿಕೊಂಡರೂ, ಯಕೃತ್ತನ್ನು ದಾಟಿ ರಕ್ತಸಂಚಾರಕ್ಕೆ ಬರುವುದು ಸುಮಾರು ಶೇ. 25ರಷ್ಟು ಮಾತ್ರ. ಎದೆನೋವಿನ ನೈಟ್ರೋಗ್ಲಿಸರಿನ್ ಗುಳಿಗೆಯನ್ನು ನುಂಗದೆ ನಾಲಿಗೆಯಡಿ ಇಟ್ಟುಕೊಳ್ಳಬೇಕೆನ್ನುವುದಕ್ಕೂ ಯಕೃತ್ತಿನ ಈ ಸುಂಕವೇ ಮುಖ್ಯ ಕಾರಣ. ಆದ್ದರಿಂದ ‘ಹೀರಿಕೆ’ಯೊಂದನ್ನೇ ಎರಡೂ ಅರ್ಥಗಳಿಗೆ ಬಳಸುವಂತಿಲ್ಲ.

‘ಉಂಡದ್ದು ಮೈಗೆ ಹತ್ತಲಿಲ್ಲ’ ಎಂಬ ನಮ್ಮ ಮಾತು ಈ ಅರ್ಥಕ್ಕೆ ಬಹಳ ಹತ್ತಿರದ್ದೆಂದು ನನಗೆ ತೋರುತ್ತದೆ, ಏಕೆಂದರೆ ಒಳಗೆ ಹೋದದ್ದೆಲ್ಲವೂ ದಕ್ಕುವುದಿಲ್ಲ ಎಂಬ ತಿಳಿವಳಿಕೆ ಅದರಲ್ಲಿ ಮೊದಲೇ ಇದೆ. ಆದರೆ ಉತ್ತರ ಕರ್ನಾಟಕದವರು ‘ಗುಳಿಗಿ ಹತ್ತಲಿಲ್ಲ’ ಎಂದರೆ, ಕರಾವಳಿಯವರು ‘ಮದ್ದು ಹಿಡಿಯಲಿಲ್ಲ’ ಎಂದಂತೆ, ಕಾಯಿಲೆ ವಾಸಿಯಾಗಲಿಲ್ಲ ಎಂದೇ ಅರ್ಥ. ಔಷಧ ರಕ್ತವನ್ನು ಚೆನ್ನಾಗಿ ಸೇರಿಯೂ ಗುಣ ಕಾಣದಿರಬಹುದು. ಈ ಎರಡನ್ನು ಬೆರೆಸಿದರೆ ಓದುಗರು ಗುಳಿಗೆ ಸಾಲದೆಂದು ತಾವೇ ಇನ್ನೊಂದನ್ನು ನುಂಗಿಯಾರು ಎಂಬ ಭಯ ನನಗಿದೆ. ಮುಂಬಯಿಯ ಒಂದೇ ಕಟ್ಟಡದಲ್ಲಿ ಎರಡೂ ಕಡೆಯವರು ಇರುವುದರಿಂದ ಈ ಎಚ್ಚರ ಅಗತ್ಯ.

ಸದ್ಯಕ್ಕೆ ವಾಕ್ಯದೊಳಗೆ ‘ರಕ್ತ ಸೇರುವ ಪಾಲು’ ಎಂದು ಬರೆದಿದ್ದೇನೆ. ‘ಪಾಲು’ ಎಂದೊಡನೆ ಅದು ಒಂದು ಪ್ರಮಾಣವೆಂಬುದು ತಿಳಿಯುತ್ತದೆ, ‘ಲಭ್ಯತೆ’ಯಲ್ಲಿ ಆ ಸ್ಪಷ್ಟತೆ ಇಲ್ಲ. ಕೋಷ್ಟಕದ ತಲೆಬರಹಕ್ಕೆ ಮಾತ್ರ ಅದು ಉದ್ದವಾಯಿತು. ‘ರಕ್ತಲಭ್ಯತೆ’ ಎಂದರೆ ರಕ್ತನಿಧಿಯಲ್ಲಿ ರಕ್ತ ಸಿಗುವುದೆಂದಾಗುತ್ತದೆ. ಗುಣವಾಗುವುದನ್ನು ಸೂಚಿಸದೆ, ಔಷಧ ಮೈಯೊಳಗೆ ದಕ್ಕುವುದನ್ನಷ್ಟೇ ಹೇಳುವ ಆಡುಮಾತು ನಿಮ್ಮ ಸೀಮೆಯಲ್ಲಿದ್ದರೆ, ಅದನ್ನು ಬಳಸುವ ಒಂದು ವಾಕ್ಯದೊಡನೆ ದಯವಿಟ್ಟು ತಿಳಿಸಿ.