ಪವರ್‌ಶೆಲ್: ಮಾಡ್ಯೂಲ್ ಬಂತು, ಎಡಿ ಡ್ರೈವ್ ಯಾಕೆ ಬರಲಿಲ್ಲ?

ಪ್ರಶ್ನೆ:
ಲ್ಯಾಪ್‌ಟಾಪ್‌ನಲ್ಲಿ ಆರ್‌ಸ್ಯಾಟ್ (ವಿಂಡೋಸ್ ಸರ್ವರ್‌ಗಳನ್ನು ದೂರದಿಂದ ನಿರ್ವಹಿಸೋ ಟೂಲ್‌ಗಳು) ಇಲ್ಲ. ಡೊಮೈನ್ ಕಂಟ್ರೋಲರ್‌ಗೆ (ಸಂಸ್ಥೆಯ ಲಾಗಿನ್‌ಗಳನ್ನು ನೋಡಿಕೊಳ್ಳೋ ಸರ್ವರ್) ನ್ಯೂ-ಪಿಎಸ್‌ಸೆಷನ್‌ನಿಂದ ರಿಮೋಟ್ ಸೆಷನ್ ತೆರೆದು, ಇಂಪೋರ್ಟ್-ಪಿಎಸ್‌ಸೆಷನ್‌ನಿಂದ ಆಕ್ಟಿವ್‌ಡೈರೆಕ್ಟರಿ (ಎಡಿ, ಬಳಕೆದಾರರು-ಕಂಪ್ಯೂಟರ್‌ಗಳ ದಾಖಲೆ) ಮಾಡ್ಯೂಲ್ ತಂದಿದ್ದೇನೆ. ಗೆಟ್-ಎಡಿಯೂಸರ್ ಓಡುತ್ತೆ. ‘ಸಿಡಿ ಎಡಿ:’ ಕೊಟ್ರೆ ಅಂಥ ಡ್ರೈವೇ ಇಲ್ಲ ಅನ್ನುತ್ತೆ. ಯಾಕೆ?

ಉತ್ತರ 1:
ಇಂಪೋರ್ಟ್ ಆಗೋದು ಕಮಾಂಡ್‌ಗಳು ಮಾತ್ರ, ಅದೂ ಪ್ರಾಕ್ಸಿ ಫಂಕ್ಷನ್‌ಗಳಾಗಿ (ಕರೆಯನ್ನು ಸರ್ವರ್‌ಗೆ ದಾಟಿಸೋ ಫಂಕ್ಷನ್‌ಗಳು). ನಿಜವಾದ ಕೆಲಸ ಸರ್ವರ್‌ನಲ್ಲೇ ನಡೆಯುತ್ತೆ. ಪ್ರೊವೈಡರ್ (ಎಡಿಯನ್ನು ಡ್ರೈವ್‌ನಂತೆ ತೋರಿಸೋ ಭಾಗ), ಡ್ರೈವ್ ಈ ಕಡೆ ಬರಲ್ಲ. ಹಾಗಾಗಿ ಇನ್ವೋಕ್-ಕಮಾಂಡ್‌ಗೆ ಅದೇ ಸೆಷನ್ ಕೊಟ್ಟು, ಸ್ಕ್ರಿಪ್ಟ್‌ಬ್ಲಾಕ್ ಒಳಗೆ ಮೊದಲು ಇಂಪೋರ್ಟ್-ಮಾಡ್ಯೂಲ್, ಆಮೇಲೆ ‘ಗೆಟ್-ಚೈಲ್ಡ್‌ಐಟಂ ಎಡಿ:’ ಓಡಿಸಿ. ವಾಪಸ್ ಬರೋ ಆಬ್ಜೆಕ್ಟ್‌ಗಳು ಡಿಸೀರಿಯಲೈಸ್ ಆಗಿರುತ್ತವೆ, ಅಂದ್ರೆ ಮೂಲದ ನಕಲು ಮಾತ್ರ: ಪ್ರಾಪರ್ಟಿ ಓದಬಹುದು, ಮೂಲ ಮೆಥಡ್‌ಗಳು ಸಿಗಲ್ಲ. ಫಿಲ್ಟರ್, ಬದಲಾವಣೆ ಎಲ್ಲ ಬ್ಲಾಕ್ ಒಳಗೇ ಮುಗಿಸಿಬಿಡಿ.

ಪ್ರಶ್ನೆ ಕೇಳಿದವರು:
ಸರಿ, ಎಡಿ ಪಟ್ಟಿ ಬಂತು. ಅದೇ ಬ್ಲಾಕ್‌ನಿಂದ ಬೇರೆ ಫೈಲ್ ಸರ್ವರ್‌ನ ಶೇರ್‌ಗೆ ಬರೆಯೋಕೆ ಹೋದ್ರೆ ‘ಆಕ್ಸೆಸ್ ಡಿನೈಡ್’.

ಉತ್ತರ 2:
ಅದು ಡಬಲ್ ಹಾಪ್. ನಿಮ್ಮ ಗುರುತು ಮೊದಲ ಸರ್ವರ್‌ವರೆಗೆ ಮಾತ್ರ. ಮುಂದಿನ ಮಷೀನಿಗೆ ತೋರಿಸೋಕೆ ಅದರ ಹತ್ತಿರ ಪಾಸ್‌ವರ್ಡೂ ಇಲ್ಲ, ಟಿಕೆಟ್ಟೂ ಇಲ್ಲ. ಬ್ಲಾಕ್ ಒಳಗೇ ನ್ಯೂ-ಪಿಎಸ್‌ಡ್ರೈವ್‌ಗೆ ‘-ಕ್ರೆಡೆನ್ಷಿಯಲ್ $ಯೂಸಿಂಗ್:ಕ್ರೆಡ್’ (ಲ್ಯಾಪ್‌ಟಾಪ್‌ನ $ಕ್ರೆಡ್‌ನಲ್ಲಿರೋ ಲಾಗಿನ್) ಕೊಟ್ಟು ಶೇರ್ ಮ್ಯಾಪ್ ಮಾಡಿ. ಕ್ರೆಡ್‌ಎಸ್‌ಎಸ್‌ಪಿ (ಲಾಗಿನ್ ವಿವರವನ್ನು ಸರ್ವರ್‌ಗೆ ಒಪ್ಪಿಸೋ ವಿಧಾನ) ಆನ್ ಮಾಡಿದ್ರೂ ನಡೆಯುತ್ತೆ, ಆದರೆ ಪಾಸ್‌ವರ್ಡ್ ಸರ್ವರ್ ಕೈಗೇ ಹೋಗುತ್ತೆ. ಡೊಮೈನ್ ಅಡ್ಮಿನ್ ಖಾತೆಗಂತೂ ಬೇಡವೇ ಬೇಡ.

ಉತ್ತರ 3:
ಫೈಲ್ ಸಾಗಿಸೋದಷ್ಟೇ ಇದ್ರೆ ಮ್ಯಾಪಿಂಗ್ ಯಾಕೆ? ಪವರ್‌ಶೆಲ್ 5.0ರಿಂದ ಕಾಪಿ-ಐಟಂನಲ್ಲೇ ‘-ಫ್ರಂಸೆಷನ್’ ಇದೆ, ಲ್ಯಾಪ್‌ಟಾಪ್‌ಗೆ ನೇರ ಇಳಿಸಿಕೊಳ್ಳಿ.