ಲ್ಯಾಪ್‌ಟಾಪ್ 4070, ಡೆಸ್ಕ್‌ಟಾಪ್ 4070: ಹೆಸರು ಒಂದೇ, ಕಾರ್ಡೂ ಒಂದೇನಾ?

ಬಿಸಿಲೂರು_ಗೇಮರ್:
ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4070 ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್ ತಗೊಳ್ಳೋದಾ, ಅದೇ ಕಾರ್ಡ್ ಹಾಕಿದ ಡೆಸ್ಕ್‌ಟಾಪ್ ಕಟ್ಟಿಸೋದಾ? ಕೆಲಸ ಬ್ಲೆಂಡರ್ (3ಡಿ ಸಾಫ್ಟ್‌ವೇರ್) ರೆಂಡರಿಂಗ್, ಜೊತೆಗೆ 1440ಪಿ ಗೇಮಿಂಗ್. ಅಂಗಡಿಯವರು "ಎರಡೂ 4070 ತಾನೇ, ಹೆಚ್ಚೆಂದರೆ ಶೇಕಡಾ 10 ವ್ಯತ್ಯಾಸ" ಅಂತಿದ್ದಾರೆ. ಲ್ಯಾಪ್‌ಟಾಪ್‌ಗಳಲ್ಲೇ ಒಂದರ ಮೇಲೆ 105 ವಾಟ್, ಇನ್ನೊಂದರ ಮೇಲೆ 140 ವಾಟ್ ಅಂತ ಬರೆದಿದೆ, ಅದೇನು ಲೆಕ್ಕ? ಊರು ಕಲಬುರಗಿ, ಮೇ ತಿಂಗಳಲ್ಲಿ ಕೋಣೆಯೊಳಗೇ 38 ಡಿಗ್ರಿ. ಏಸಿ ಇಲ್ಲ.

ಸಿಲಿಕಾನ್_ಸಿದ್ದ:
ಶೇಕಡಾ 10ರ ಮಾತು ಅದರ ಕೆಳಗಿನ ಕಾರ್ಡ್ 4060ಕ್ಕೆ ಹೊಂದುತ್ತೆ, 4070ಕ್ಕೆ ಅಲ್ಲ. 4060ರಲ್ಲಿ ಎರಡು ಕಡೆಯೂ ಅದೇ ಎಡಿ107 ಚಿಪ್, ಅದೇ 3072 ಕೋರ್ (ಲೆಕ್ಕ ಮಾಡೋ ಘಟಕ), ಕಾರ್ಡಿನ ಮೆಮೊರಿಯೂ ಅದೇ 8 ಜಿಬಿ. ಲ್ಯಾಪ್‌ಟಾಪಿಗೆ 100 ವಾಟ್ ಸಿಕ್ಕರೆ ಡೆಸ್ಕ್‌ಟಾಪಿನ ಬೆನ್ನಿಗೇ ಇರುತ್ತೆ.

4070ರಲ್ಲಿ ಚಿಪ್ಪೇ ಬೇರೆ. ಡೆಸ್ಕ್‌ಟಾಪಿನದು ಎಡಿ104: 5888 ಕೋರ್, 192 ಬಿಟ್ ಬಸ್ (ಮೆಮೊರಿಗೆ ಹೋಗೋ ದಾರಿಯ ಅಗಲ), 12 ಜಿಬಿ ಜಿಡಿಡಿಆರ್6ಎಕ್ಸ್, 200 ವಾಟ್. ಲ್ಯಾಪ್‌ಟಾಪಿನದು ಎಡಿ106: 4608 ಕೋರ್, 128 ಬಿಟ್, 8 ಜಿಬಿ ಜಿಡಿಡಿಆರ್6. ಮೆಮೊರಿ ವೇಗ ಸೆಕೆಂಡಿಗೆ 504 ಜಿಬಿ ಎಲ್ಲಿ, 256 ಜಿಬಿ ಎಲ್ಲಿ! ಡೆಸ್ಕ್‌ಟಾಪ್ 4060 ಟಿಐಯಲ್ಲಿರೋದೂ ಇದೇ ಎಡಿ106. ಹಾಗಾಗಿ ಲ್ಯಾಪ್‌ಟಾಪ್ 4070 ಅಂದರೆ ಡೆಸ್ಕ್‌ಟಾಪ್ 4060 ಮತ್ತು 4060 ಟಿಐ ನಡುವಿನ ಕಾರ್ಡ್ ಅಂತ ಇಟ್ಟುಕೊಳ್ಳಿ.

ಮೇಲಕ್ಕೆ ಹೋದಷ್ಟೂ ಅಂತರ ಜಾಸ್ತಿ. ಲ್ಯಾಪ್‌ಟಾಪ್ 4090ರಲ್ಲಿ 9728 ಕೋರ್, 16 ಜಿಬಿ. ಡೆಸ್ಕ್‌ಟಾಪ್ 4090ರಲ್ಲಿ 16384 ಕೋರ್, 24 ಜಿಬಿ, 450 ವಾಟ್. ಕೆಲವೊಮ್ಮೆ ಉಲ್ಟಾನೂ ಇದೆ: 3060ರಲ್ಲಿ ಲ್ಯಾಪ್‌ಟಾಪಿಗೆ 3840 ಕೋರ್, ಡೆಸ್ಕ್‌ಟಾಪಿಗೆ 3584. ಆದರೆ ಮೆಮೊರಿ ಲ್ಯಾಪ್‌ಟಾಪಲ್ಲಿ 6 ಜಿಬಿ, ಡೆಸ್ಕ್‌ಟಾಪಲ್ಲಿ 12. 2016ಕ್ಕೆ ಮುಂಚೆ 980ಎಂ ಅಂತ ಹೆಸರಿನ ಕೊನೆಗೆ 'ಎಂ' ಇರ್ತಿತ್ತು, ಗೊತ್ತಾಗ್ತಿತ್ತು. ಆ ಅಕ್ಷರ ತೆಗೆದಿದ್ದು ಗಿರಾಕಿಗೆ ಅನುಕೂಲ ಆಗಲಿ ಅಂತಂತೂ ಅಲ್ಲ.

ಬ್ಲೆಂಡರ್‌ಗೆ ಕೋರ್‌ಗಿಂತ ಮೊದಲು ಮೆಮೊರಿ ನೋಡಿ. ಸೀನ್ 8 ಜಿಬಿ ದಾಟಿದರೆ ಸೈಕಲ್ಸ್ (ಬ್ಲೆಂಡರ್‌ನ ರೆಂಡರ್ ಎಂಜಿನ್) ಒಂದೋ ಸಿಸ್ಟಂ ರ‍್ಯಾಮ್‌ಗೆ ಕೈ ಚಾಚಿ ತೆವಳುತ್ತೆ, ಇಲ್ಲವೇ ಮೆಮೊರಿ ಸಾಲದು ಅಂತ ಎರರ್ ಕೊಟ್ಟು ನಿಲ್ಲುತ್ತೆ. 4ಕೆ ಟೆಕ್ಸ್‌ಚರ್ ತುಂಬಿದ ಸೀನ್‌ಗೆ 8 ಜಿಬಿ ಸಾಕಾಗದಿರೋದು ಮಾಮೂಲು.

ವಾಟ್‌ಲೆಕ್ಕ:
ವಾಟ್ ಪ್ರಶ್ನೆಗೆ ಬರ್ತೀನಿ. ಲ್ಯಾಪ್‌ಟಾಪ್ 4070ಕ್ಕೆ ಎನ್‌ವಿಡಿಯಾ ಕೊಟ್ಟಿರೋ ವ್ಯಾಪ್ತಿ 35ರಿಂದ 115 ವಾಟ್. ಎಷ್ಟಕ್ಕೆ ನಿಲ್ಲಿಸಬೇಕು ಅನ್ನೋದು ಲ್ಯಾಪ್‌ಟಾಪ್ ಕಂಪನಿಗೆ ಬಿಟ್ಟದ್ದು. 140 ಅಂದರೆ 115ರ ಮೇಲೆ ಡೈನಮಿಕ್ ಬೂಸ್ಟ್‌ನ 25 ಸೇರಿಸಿದ ಸಂಖ್ಯೆ. ಪ್ರೊಸೆಸರ್ ಬಿಡುವಾಗಿದ್ದಾಗ ಅದರ ಪಾಲಿನ ಕರೆಂಟನ್ನು ಗ್ರಾಫಿಕ್ಸ್‌ಗೆ ತಿರುಗಿಸೋದೇ ಈ ಬೂಸ್ಟ್. ಪ್ರೊಸೆಸರ್‌ಗೂ ಕೈ ತುಂಬ ಕೆಲಸ ಇರೋ ಗೇಮ್‌ನಲ್ಲಿ ಅದು ಪೂರ್ತಿ ಸಿಗಲ್ಲ.

ಆದರೆ 140ರ ಹಿಂದೆ ಬಿದ್ದು ಜಾಸ್ತಿ ದುಡ್ಡು ಕೊಡಬೇಡಿ. ಈ ಚಿಪ್‌ಗೆ 100 ವಾಟ್ ಆಸುಪಾಸಿನಲ್ಲೇ ವೋಲ್ಟೇಜ್ ಮಿತಿ ಅಡ್ಡ ಬರುತ್ತೆ. ಮುಂದೆ ವಾಟ್ ಕೊಟ್ಟರೂ ಫ್ರೇಮ್ ಅಷ್ಟಾಗಿ ಏರಲ್ಲ. 105ಕ್ಕೂ 140ಕ್ಕೂ ವ್ಯತ್ಯಾಸ ಚಿಕ್ಕದು. ತೆಳು ಲ್ಯಾಪ್‌ಟಾಪ್‌ಗಳ 60 ವಾಟ್‌ಗೂ 105ಕ್ಕೂ ಮಾತ್ರ ನಿಜವಾದ ಅಂತರ.

ಅಂಗಡಿಯಲ್ಲೇ ನೋಡಬಹುದು: ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು ಕೆಳಗೆ ಎಡಗಡೆಯ ಸಿಸ್ಟಂ ಇನ್ಫರ್ಮೇಶನ್ ಒತ್ತಿದರೆ ಗರಿಷ್ಠ ಗ್ರಾಫಿಕ್ಸ್ ಪವರ್ ಕಾಣುತ್ತೆ. ಮನೆಗೆ ತಂದ ಮೇಲೆ 15 ನಿಮಿಷ ಲೋಡ್ ಕೊಟ್ಟು ಜಿಪಿಯು-ಝಡ್ ಅನ್ನೋ ತಂತ್ರಾಂಶದಲ್ಲಿ ಪರ್ಫ್‌ಕ್ಯಾಪ್ ರೀಸನ್ ಸಾಲು ಗಮನಿಸಿ. ಅಲ್ಲಿ ಪವರ್ ಅಂತ ಬಂದರೆ ವಾಟ್ ಮಿತಿ, ಥರ್ಮಲ್ ಅಂದರೆ ಬಿಸಿ, ವೋಲ್ಟೇಜ್ ಅಂದರೆ ಚಿಪ್ ತನ್ನ ಮಿತಿ ಮುಟ್ಟಿದೆ ಅಂತ. ಮೊದಲ 2 ನಿಮಿಷದ ಅಂಕಿ ನಂಬಬೇಡಿ, ಹೀಟ್‌ಸಿಂಕ್ ಆಗಿನ್ನೂ ತಣ್ಣಗಿರುತ್ತೆ.

ಬಿಸಿಲೂರು_ಗೇಮರ್:
ಓಡಾಟ ಇರೋದರಿಂದ ಲ್ಯಾಪ್‌ಟಾಪ್ ಪೂರ್ತಿ ಕೈಬಿಡೋಕೆ ಆಗಲ್ಲ. ತಗೊಂಡರೆ ಏನೇನು ನೋಡಬೇಕು? ಬಿಸಿಗೆ ಏನು ಮಾಡೋದು?

ಫ್ಯಾನ್_ಸದ್ದು:
ಮೊದಲು ಮಕ್ಸ್ ಸ್ವಿಚ್, ಅಂದರೆ ಪರದೆಯನ್ನು ನೇರವಾಗಿ ಎನ್‌ವಿಡಿಯಾ ಚಿಪ್‌ಗೆ ಜೋಡಿಸೋ ಸ್ವಿಚ್, ಇದೆಯಾ ಕೇಳಿ. ಇಲ್ಲದಿದ್ದರೆ ಪ್ರತಿ ಫ್ರೇಮೂ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಮೂಲಕ ಸುತ್ತಿ ಪರದೆಗೆ ಬರುತ್ತೆ, ಫ್ರೇಮ್ ಸೋರುತ್ತೆ. ಹೊರಗಿನ ಮಾನಿಟರ್ ಹಾಕೋದಾದರೆ ಯಾವ ಪೋರ್ಟ್ ನೇರವಾಗಿ ಎನ್‌ವಿಡಿಯಾಕ್ಕೆ ಸೇರಿದೆ ಅಂತ ಕಂಟ್ರೋಲ್ ಪ್ಯಾನೆಲ್‌ನ ಫಿಸ್‌ಎಕ್ಸ್ ಪುಟದ ಚಿತ್ರದಲ್ಲಿ ಇರುತ್ತೆ. ರ‍್ಯಾಮ್ 16 ಜಿಬಿಯ ಒಂದೇ ಕಡ್ಡಿ ಬೇಡ, 8 ಜಿಬಿಯ ಎರಡು ಇರಲಿ. ಡಬ್ಬದಲ್ಲಿ ಬರೋ ದಪ್ಪ ಚಾರ್ಜರ್ ಬಿಟ್ಟು 100 ವಾಟ್ ಟೈಪ್-ಸಿ ಚಾರ್ಜರ್‌ನಲ್ಲಿ ರೆಂಡರ್ ಓಡಿಸಬೇಡಿ. ಪೂರ್ತಿ ಲೋಡ್‌ಗೆ ಅದು ಸಾಲಲ್ಲ, ವಾಟ್ ಇಳಿಯುತ್ತೆ. ಬ್ಯಾಟರಿಯಲ್ಲಂತೂ ಕೇಳಲೇಬೇಡಿ.

ಬಿಸಿಯ ವಿಷಯ: ಕೋಣೆ 10 ಡಿಗ್ರಿ ಏರಿದರೆ ಚಿಪ್ಪೂ ಹೆಚ್ಚುಕಡಿಮೆ 10 ಏರುತ್ತೆ. ಡೆಸ್ಕ್‌ಟಾಪ್ ಕಾರ್ಡ್‌ಗೆ ಅದನ್ನು ತಡೆಯುವಷ್ಟು ಜಾಗ ಇದೆ. ಲ್ಯಾಪ್‌ಟಾಪ್ ಚಿಪ್ ಸಾಮಾನ್ಯವಾಗಿ 87 ಡಿಗ್ರಿ ಮುಟ್ಟಿದ ಕೂಡಲೇ ವೇಗ ಕಡಿಮೆ ಮಾಡುತ್ತೆ. ನಿಮ್ಮೂರ ಮೇ ತಿಂಗಳಲ್ಲಿ ಆ ಗೆರೆ ಹತ್ತಿರದಲ್ಲೇ ಇರುತ್ತೆ. ಮಾಡಬೇಕಾದ್ದು ಮೂರು. ಹಿಂಬದಿಯನ್ನು 2-3 ಸೆಂ.ಮೀ. ಎತ್ತಿ ಇಡಿ. ವಿಂಡೋಸ್ ಪವರ್ ಆಪ್ಷನ್‌ನಲ್ಲಿ ಪ್ರೊಸೆಸರ್ ಗರಿಷ್ಠ ಸ್ಥಿತಿ 99% ಮಾಡಿ: ಟರ್ಬೊ (ಪ್ರೊಸೆಸರ್‌ನ ಹೆಚ್ಚುವರಿ ವೇಗ) ನಿಲ್ಲುತ್ತೆ, ಪ್ರೊಸೆಸರ್, ಗ್ರಾಫಿಕ್ಸ್ ಎರಡಕ್ಕೂ ಹೀಟ್‌ಪೈಪ್ ಹಂಚಿಕೆ ಇರೋದರಿಂದ ಗ್ರಾಫಿಕ್ಸ್‌ಗೆ ಉಸಿರಾಡೋಕೆ ಜಾಗ ಸಿಗುತ್ತೆ. ಪ್ರೊಸೆಸರ್ ಮೇಲೆ ಭಾರ ಬೀಳೋ ಗೇಮ್‌ಗೆ ಮಾತ್ರ ಇದು ಬೇಡ. ಮೂರನೇದು ಅಂಡರ್‌ವೋಲ್ಟ್, ಅಂದರೆ ಅದೇ ವೇಗವನ್ನು ಕಡಿಮೆ ವೋಲ್ಟೇಜ್‌ನಲ್ಲಿ ಓಡಿಸೋದು: ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಕಂಟ್ರೋಲ್+ಎಫ್ ಒತ್ತಿ ವೋಲ್ಟೇಜ್-ಕ್ಲಾಕ್ ಗೆರೆ ತೆರೆದು, ಲೋಡ್‌ನಲ್ಲಿ ಈಗ ಬರ್ತಿರೋ ಕ್ಲಾಕ್ ಅನ್ನು 900 ಮಿಲಿವೋಲ್ಟ್ ಬಿಂದುವಿಗೆ ಎಳೆದು, ಅದರ ಬಲಗಡೆ ಎಲ್ಲವನ್ನೂ ಸಪಾಟು ಮಾಡಿ ಅಪ್ಲೈ ಕೊಡಿ. ಕ್ರ್ಯಾಶ್ ಆದರೆ 15 ಮೆಗಾಹರ್ಟ್ಸ್‌ನಂತೆ ಇಳಿಸುತ್ತಾ ಬನ್ನಿ. ಗೇಮ್ 1 ಗಂಟೆ ಓಡಿತು ಅಂತ ಸೆಟ್ಟಿಂಗ್ ಗಟ್ಟಿ ಅಂದುಕೊಳ್ಳಬೇಡಿ, ರೆಂಡರ್‌ನಲ್ಲೂ ಓಡಿಸಿ ನೋಡಿ.

ವಾಟ್‌ಲೆಕ್ಕ:
ಡೆಸ್ಕ್‌ಟಾಪ್ ಕಟ್ಟಿಸೋದಾದರೆ ಒಂದು ಖರ್ಚು ಯಾರೂ ಮೊದಲೇ ಹೇಳಲ್ಲ: ಯುಪಿಎಸ್. 4070ಕ್ಕೆ 650 ವಾಟ್ ಪವರ್ ಸಪ್ಲೈ ಸಾಕು. ಆದರೆ ಕಾರ್ಡ್ 200, ಪ್ರೊಸೆಸರ್ 100, ಮಾನಿಟರ್ ಮತ್ತು ಉಳಿದದ್ದು 80 ಅಂತ ಹಿಡಿದರೂ 380 ಆಯ್ತು. 600 ವಿಎ ಯುಪಿಎಸ್ ಕೊಡೋದು ಸಾಮಾನ್ಯವಾಗಿ 360 ವಾಟ್. ರೆಂಡರ್ ಮಧ್ಯೆ ಕರೆಂಟ್ ಹೋದರೆ ಅದೂ ಕೂಗಿ ಆಫ್ ಆಗುತ್ತೆ. 1100 ವಿಎ ತಗೊಳ್ಳಿ. ಲ್ಯಾಪ್‌ಟಾಪಿಗೆ ಆ ಚಿಂತೆ ಇಲ್ಲ: ರೆಂಡರ್ ನಿಧಾನ ಆಗುತ್ತೆ, ನಿಲ್ಲಲ್ಲ.

ಸಿಲಿಕಾನ್_ಸಿದ್ದ:
ಓಡಾಟ ಇದ್ದೇ ಇದೆ ಅಂದರೆ ಲ್ಯಾಪ್‌ಟಾಪಿನಲ್ಲಿ 4070ಕ್ಕಿಂತ 100 ವಾಟ್ ಮೇಲಿನ 4060 ನೋಡಿ. ಮೆಮೊರಿ ಎರಡರಲ್ಲೂ ಅದೇ 8 ಜಿಬಿ, ಅದೇ 128 ಬಿಟ್. ಸೀನ್ ಹಿಡಿಸದೆ ಹೋದರೆ ಎರಡೂ ಒಂದೇ ಕಡೆ ನಿಲ್ಲುತ್ತವೆ. ಉಳಿದ ದುಡ್ಡನ್ನು 32 ಜಿಬಿ ರ‍್ಯಾಮ್‌ಗೆ ಹಾಕಿ. 12 ಜಿಬಿಯ ಲ್ಯಾಪ್‌ಟಾಪೇ ಬೇಕಂದರೆ ಈ ಪೀಳಿಗೆಯಲ್ಲಿ 4080ಕ್ಕೇ ಹೋಗಬೇಕು, ಅಷ್ಟು ದುಡ್ಡಿಗೆ ಡೆಸ್ಕ್‌ಟಾಪ್ 4070 ಪೂರ್ತಿ ಕಟ್ಟಿಸಿ ಯುಪಿಎಸ್ಸೂ ತರಬಹುದು.